ನೀರಲ್ಲಿ ತೂಗಿದ ಕಲ್ಲು

ರೋಹಿಣಿ ಮಳೆ ಎರಡು ರಾತ್ರಿ ಚೆನ್ನಾಗಿ ಬಿದ್ದು ಬಿಡುವು ಕೊಟ್ಟಿತ್ತು. ಬೆಳಗಿನಿಂದ ಹೊಲಗಳಲ್ಲಿ ಎರಡು ಬಗೆಯ ಕೆಲಸ ನಡೆದಿತ್ತು. ಒಂದು ಕಡೆ ಟ್ರ್ಯಾಕ್ಟರು ಹತ್ತಿ ಬೀಜಕ್ಕೆ ನೆಲ ಹದ ಮಾಡುತ್ತ ಹೋಗುತ್ತಿದ್ದರೆ, ಬದುವಿನ ಆಚೆ ಹೆಂಗಸರೂ ಗಂಡಸರೂ ಸಾಲಾಗಿ ನಿಂತು, ತಲೆ ತಗ್ಗಿಸಿ, ಒಂದು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ಒಂದು ಹೆಜ್ಜೆ ಇಡುವುದು ಮಾಡುತ್ತಿದ್ದರು. ಮಳೆ ಕೆಂಪು ಮಣ್ಣನ್ನು ತೊಳೆದ ಮೇಲೆ ಸಣ್ಣ ಕಲ್ಲುಗಳು ಮೇಲೆ ಬರುತ್ತವೆ. ಬಿಸಿಲು ಓರೆಯಾಗಿ ಬಿದ್ದಾಗ ಹೊಳೆಯುತ್ತವೆ. ಚಿಪ್ಪಗಿರಿ ಕಡೆಯ ಈ ನೆಲದಲ್ಲಿ ಒಂದೊಂದು ವರ್ಷ ಯಾರಿಗಾದರೂ ಒಂದು ವಜ್ರ ಸಿಕ್ಕಿದ ಸುದ್ದಿ ಹಬ್ಬುತ್ತದೆ. ಸಿಕ್ಕವರು ಬಾಯಿ ಬಿಡುವುದಿಲ್ಲ, ಸಿಗದವರು ಬಾಯಿ ಮುಚ್ಚುವುದಿಲ್ಲ. ಬಿತ್ತನೆ ಆಗುವ ತನಕ ಹುಡುಕಾಟ ಹೀಗೇ ನಡೆಯುತ್ತದೆ.

ಗುರುಪಾದಯ್ಯನವರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಇದನ್ನು ನೋಡುತ್ತಿದ್ದರು. ಅವರದು ಊರಿನ ಕೊನೆಯ ಮನೆ, ಅದರಾಚೆ ಹೊಲವೇ. ಊರವರ ಬಾಯಲ್ಲಿ ಅವರು ನೇವಿ ಸಾರು. ಆದೋನಿಯ ಹತ್ತಿ ವ್ಯಾಪಾರಿಗಳ ಮನೆತನದಲ್ಲಿ ಹುಟ್ಟಿ, ಅಂಗಡಿಯ ಗಾದಿಯ ಮೇಲೆ ಕೂರಬೇಕಾದವರು, ಫಿಸಿಕ್ಸ್ ಓದಿ ನೌಕಾಪಡೆ ಸೇರಿದರು. ಚಿಲ್ಕಾ, ಕೊಚ್ಚಿ ಎಂದು ತಿರುಗುತ್ತ, ಆಗಷ್ಟೇ ಮೀಸೆ ಮೂಡಿದ ನಾವಿಕ ಹುಡುಗರಿಗೆ ಪಾಠ ಹೇಳುತ್ತ ವಯಸ್ಸು ಕಳೆದರು. ಹೆಂಡತಿ ಹೇಮಾವತಿ ಈ ಊರಿನ ಶಾಲೆಯಲ್ಲಿ ಟೀಚರು. ರಜೆಗೆ ಬಂದು ಹೋಗುತ್ತಿದ್ದ ಮನೆಯೇ ನಿವೃತ್ತಿಯ ಮನೆಯಾಯಿತು. ಮಕ್ಕಳಿರಲಿಲ್ಲ. ಹೇಮಾವತಿ ತೀರಿಕೊಂಡ ಮೇಲೆ ತಮ್ಮ ಹಾಲೇಶ್ ಬಂದು ಆದೋನಿಗೆ ಕರೆದುಕೊಂಡು ಹೋದ. ಅಲ್ಲಿ ಎಲ್ಲರೂ ಒಳ್ಳೆಯವರೇ. ಆದರೆ ಹತ್ತಿಯ ದರ ಬಿಟ್ಟು ಬೇರೆ ಮಾತು ಎತ್ತಿದರೆ ಯಾರಾದರೊಬ್ಬರು ಎದ್ದು ಟಿ.ವಿ. ಹಾಕುತ್ತಿದ್ದರು. ಒಂದು ತಿಂಗಳೊಳಗೆ ವಾಪಸು ಬಂದುಬಿಟ್ಟರು.

ಮೊದಲೆಲ್ಲ ರೋಹಿಣಿ ಮಳೆ ಬಿದ್ದ ಮೇಲೆ ಈ ಕಟ್ಟೆಯ ಮೇಲೆ ಕೂರಲು ಜಾಗ ಇರುತ್ತಿರಲಿಲ್ಲ. ಹೊಲದಲ್ಲಿ ಹೊಳೆಯುವ ಕಲ್ಲು ಸಿಕ್ಕವರು ಸೆರಗಿನಲ್ಲಿ, ಬೀಡಿ ಕಟ್ಟಿನಲ್ಲಿ, ಬಾಯೊಳಗಿನ ದವಡೆಯಲ್ಲಿ ಇಟ್ಟುಕೊಂಡು ಇಲ್ಲಿಗೆ ಬರುತ್ತಿದ್ದರು. ಸೈಕಲ್ ಕಡ್ಡಿಯಿಂದ ಗುರುಪಾದಯ್ಯನವರೇ ಮಾಡಿಕೊಂಡ ಒಂದು ತಕ್ಕಡಿ ಇತ್ತು. ಕಲ್ಲನ್ನು ದಾರಕ್ಕೆ ಕಟ್ಟಿ ಮೊದಲು ಗಾಳಿಯಲ್ಲಿ ತೂಗುವುದು, ಆಮೇಲೆ ಕೆಳಗೆ ನೀರಿನ ಲೋಟ ಇಟ್ಟು ಅದರಲ್ಲಿ ಮುಳುಗಿಸಿ ತೂಗುವುದು. ನೀರಲ್ಲಿ ತೂಕ ಎಷ್ಟು ಕಡಿಮೆಯಾಯಿತೋ ಅಷ್ಟು ನೀರನ್ನು ಆ ಕಲ್ಲು ಪಕ್ಕಕ್ಕೆ ಸರಿಸಿದೆ. ಈ ಹೊಲದ ಗಾಜುಗಲ್ಲು ನೀರಿಗಿಂತ ಎರಡೂವರೆ ಪಟ್ಟು ಭಾರ, ವಜ್ರವಾದರೆ ಮೂರೂವರೆ ಪಟ್ಟು. "ನಾನು ಹೇಳಲ್ಲಮ್ಮ, ನೀರು ಹೇಳ್ತೈತಿ, ನೀನೇ ನೋಡು" ಎಂದು ಬಂದವರ ಕೈಯಿಂದಲೇ ತೂಗಿಸುತ್ತಿದ್ದರು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಮೂರೂವರೆ ಬಂದಿರಲಿಲ್ಲ. ಜನ ಪೆಚ್ಚಾಗಿ ಕಲ್ಲನ್ನು ಕಿಟಕಿಯಲ್ಲಿ ಬಿಟ್ಟು ಹೋಗುತ್ತಿದ್ದರು. ಆದರೂ ಹೋಗುವ ಮುಂಚೆ ಒಂದು ಗಂಟೆ ಕೂತಿರುತ್ತಿದ್ದರು, ಅದು ಸಾಕಾಗಿತ್ತು.

ಎರಡು ವರ್ಷದ ಹಿಂದೆ ಮೊಬೈಲ್ ಅಂಗಡಿಯ ಸಾಯಿಕುಮಾರ್ ಆನ್‌ಲೈನಿನಲ್ಲಿ ಒಂದು ಪೆನ್ನು ತರಿಸಿದ. ಅದರ ಮುಳ್ಳನ್ನು ಕಲ್ಲಿಗೆ ತಾಗಿಸಿದರೆ ವಜ್ರಕ್ಕೆ ಕುಂಯ್ ಎನ್ನುತ್ತದೆ, ಉಳಿದದ್ದಕ್ಕೆ ಸುಮ್ಮನಿರುತ್ತದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಕಟ್ಟೆ ಖಾಲಿಯಾಯಿತು. ಗುರುಪಾದಯ್ಯ ಒಮ್ಮೆ ಅಂಗಡಿಗೆ ಹೋಗಿ ಅದನ್ನು ಕೈಯಲ್ಲಿ ಹಿಡಿದು ನೋಡಿ ಬಂದಿದ್ದರು. ಕೆಟ್ಟ ಯಂತ್ರವೇನಲ್ಲ. ವಜ್ರ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ ಎಂಬ ಗುಣವನ್ನು ಹಿಡಿದು ಮಾಡಿದ್ದು. "ಇದು ಯಾಕೆ ಕೂಗ್ತೈತಿ ಗೊತ್ತೇನಪ್ಪ?" ಎಂದು ಸಾಯಿಕುಮಾರನನ್ನು ಕೇಳಿದರು. "ಸೆಲ್ ಹಾಕಿದ್ರ ಕೂಗ್ತೈತ್ರಿ ಸಾರ್" ಎಂದ ಅವನು. ಅದು ತಪ್ಪು ಉತ್ತರವೂ ಅಲ್ಲ ಎಂದುಕೊಂಡು ಮನೆಗೆ ನಡೆದಿದ್ದರು.

ಈಗ ಕಟ್ಟೆಗೆ ಬರುವವನು ಯರ್ರೆಪ್ಪ ಒಬ್ಬನೇ. ಕುರಿ ಕಾಯುವವನು, ಹೆಚ್ಚುಕಡಿಮೆ ಅವರದೇ ವಯಸ್ಸು. ಸಂಜೆ ಕುರಿಗಳನ್ನು ಮಗ ಸುಂಕೇಶನಿಗೆ ಒಪ್ಪಿಸಿ, ಮೊಣಕಾಲು ಹಿಡಿದುಕೊಂಡು ಬಂದು, ಕಂಬಳಿ ಹಾಸಿ ಕೂರುತ್ತಿದ್ದ. ಅವರು ಆದೋನಿಯಿಂದ ವಾಪಸು ಬಂದ ವಾರದಲ್ಲಿ ಸುಮ್ಮನೆ ಬಂದು ಕೂತವನು ಆಮೇಲೆ ತಪ್ಪಿಸಿರಲಿಲ್ಲ. ಮೊದಲ ದಿನವೇ ಅವನು ಕೇಳಿದ್ದು, "ಅಷ್ಟು ಕಬ್ಬಿಣದ ಹಡಗು ನೀರಾಗ ಹೆಂಗ ನಿಂದ್ರತೈತ್ರಿ ಸಾರು? ನಮ್ಮ ಕತ್ರಿ ಬಾವ್ಯಾಗ ಬಿದ್ರ ಮುಳುಗಿ ಹೋತು" ಎಂದು. ಗುರುಪಾದಯ್ಯ ಸ್ಟೀಲ್ ತಟ್ಟೆಯನ್ನು ಬಕೆಟ್ಟಿನಲ್ಲಿ ತೇಲಿಸಿ, ಅದನ್ನೇ ಓರೆ ಮಾಡಿ ಮುಳುಗಿಸಿ ತೋರಿಸಿದ್ದರು. ಯರ್ರೆಪ್ಪ ತಾನೂ ಹತ್ತು ಸಲ ತೇಲಿಸಿ ನೋಡಿ, "ಅಂದ್ರ ಹಡಗು ಅಂಬೋದು ಗಾಳಿ ತುಂಬಿದ ಪಾತ್ರಿ ಅನ್ರಿ" ಎಂದಿದ್ದ. ನೌಕಾಪಡೆಯಲ್ಲಿ ಹುಡುಗರು ಪಾಠ ಮುಗಿಯುವ ಮುಂಚೆ ಇದು ಪರೀಕ್ಷೆಗೆ ಬರುತ್ತದಾ ಎಂದು ಕೇಳುತ್ತಿದ್ದರು. ಅದು ಅವರ ತಪ್ಪಲ್ಲ, ಪರೀಕ್ಷೆ ಪಾಸಾದರೆ ತಾನೆ ಸಂಬಳ. ಪರೀಕ್ಷೆಯೇ ಇಲ್ಲದೆ ಕಲಿಯುವ ವಿದ್ಯಾರ್ಥಿ ಸಿಗಲು ನಿವೃತ್ತಿಯಾಗಬೇಕಾಯಿತು.

ಆ ಸಂಜೆ ಯರ್ರೆಪ್ಪ ಬಂದವನು ಕೂರಲಿಲ್ಲ. ಸುತ್ತ ನೋಡಿ, ಹೊದ್ದ ಕಂಬಳಿಯ ಮೂಲೆಯ ಚುಂಗಿನ ಗಂಟು ಬಿಚ್ಚಿ, ಅಂಗೈ ಮುಂದೆ ಚಾಚಿದ. ಕಡಲೆ ಗಾತ್ರದ್ದೊಂದು ಕಲ್ಲು. ಒಂದು ಮಗ್ಗುಲಿಗೆ ಸಣ್ಣ ಗುಳಿ ಇತ್ತು.

"ನಿನಗೂ ಹತ್ತಿತೇನು ಈ ಹುಚ್ಚು?" ಎಂದರು ಗುರುಪಾದಯ್ಯ. "ಕುರಿ ಕಾಯೋನು ನೆಲ ಯಾವಾಗ ನೋಡಿದಿ?"

"ನಾ ಎಲ್ಲಿ ನೋಡ್ಲಿ. ಮರಿ ಎಡವಿ ಬಿತ್ತು. ಎತ್ತಾಕ ಬಗ್ಗಿದ್ರ ಕೈಗೆ ಬಂತು. ಕೊಟ್ರೇಶಪ್ಪನ ಹೊಲ್ದಾಗ. ಹ್ವಾದ ವಾರದಿಂದ ಚುಂಗಿನ್ಯಾಗ ಕಟ್ಗೊಂಡು ತಿರುಗೀನಿ. ಜಂಬಿಗೂ ಹೇಳಿಲ್ಲ."

"ಹೆಂಡತಿಗೆ ಹೇಳದ್ದು ನನಗೆ ಹೇಳ್ತೀಯಾ?"

"ಆಕಿಗೆ ಹೇಳಿದ್ರ ಡಂಗುರ ಹೊಡದಂಗ. ನಿಮಗ ಹೇಳಿದ್ರ ಹಾಳು ಬಾವಿಗೆ ಹೇಳಿದಂಗ."

"ಸಾಯಿಕುಮಾರನ ಪೆನ್ನಿಗೆ ಹಿಡಿಸಬೇಕಿತ್ತು."

"ಅದು ಕುಂಯ್ ಅಂತತಿ, ಇಲ್ಲಾ ಸುಮ್ಕಿರ್ತತಿ. ಯಾಕ ಅಂತ ಕೇಳಿದ್ರ ಆ ಹುಡುಗಗ ಗೊತ್ತಿಲ್ಲ. ನೀವು ತೂಗ್ರಿ. ನೀವು ಏನಂದ್ರ ಅದೇ."

ಗುರುಪಾದಯ್ಯ ಒಳಗಿನಿಂದ ತಕ್ಕಡಿ ತಂದರು, ಲೋಟದಲ್ಲಿ ನೀರು ತಂದರು, ಸೋಪಿನ ತುಂಡನ್ನೂ ತಂದರು. ತೂಗುವ ಮುಂಚೆ ಕಲ್ಲನ್ನು ತೊಳೆಯುವುದು ಅವರ ಪದ್ಧತಿ. ಯರ್ರೆಪ್ಪ ಕೈ ಅಡ್ಡ ಹಿಡಿದ.

"ತೊಳೀಬ್ಯಾಡ್ರಿ ಸಾರು. ಹೆಸರು ಹಿಡಿಯೂತನ ಕಲ್ಲು ತೊಳೀಬಾರ್ದು, ಕಳಿ ಹೋಕ್ಕತಿ. ನಮ್ಮಪ್ಪ ಹೇಳತಿದ್ದ."

ವಜ್ರವೋ ಗಾಜೋ ಎಂದು ಹೆಸರಿಡುವ ತನಕ ಕಲ್ಲಿಗೆ ಸೋಪು ತಾಗಬಾರದು ಎನ್ನುವುದು ಇಲ್ಲಿನ ಹಳೆಯ ನಂಬಿಕೆ. ಬೇರೆ ಯಾರಾದರೂ ಹೀಗೆಂದಿದ್ದರೆ ಗುರುಪಾದಯ್ಯ ಕಾಲು ಗಂಟೆ ವಾದ ಮಾಡಿ ತೊಳೆದೇ ತೂಗುತ್ತಿದ್ದರು. ಯರ್ರೆಪ್ಪನ ಜೊತೆ ವಾದ ಬೇಡವೆನಿಸಿತು. ಸೋಪನ್ನು ಪಕ್ಕಕ್ಕಿಟ್ಟು ಕಲ್ಲಿಗೆ ದಾರ ಸುತ್ತಿದರು.

"ವಜ್ರ ಆದ್ರ ಏನು ಮಾಡ್ತಿ?" ಸುಮ್ಮನೆ ಕೇಳಿದರು.

"ಏನಿಲ್ರಿ. ಕುರಿ ಸುಂಕ್ಯಾನ ಪಾಲಿಗೆ ಬಿಟ್ಟು ಆದೋನಿಗೆ ಹೋಕ್ಕೀನಿ, ಶೋಭಾರಾಣಿ ಮನಿಗೆ. ಈ ಮೊಣಕಾಲು ಎರಡೂ ಬದಲಿ ಮಾಡ್ತಾರಂತ ಅಲ್ಲಿ. ಮಗಳು ಬಾ ಬಾ ಅಂತಾಳ. ಬರಿಗೈಲಿ ಹೆಂಗ ಹೋಗಾದು ಅಂತ ಸುಮ್ಕಿದೀನಿ."

"ಆಮ್ಯಾಲೆ ಇಲ್ಲಿಗೆ ಬರಲ್ಲ?"

"ಯಾಕ ಬರಬಾರ್ದು. ಹಬ್ಬಕ್ಕ ಬರ್ತೀನಲ್ಲ."

ಗುರುಪಾದಯ್ಯ ಮೊದಲು ಗಾಳಿಯಲ್ಲಿ ತೂಗಿದರು. ಲೋಟ ಎತ್ತಿ ಹಿಡಿದು ಕಲ್ಲನ್ನು ನೀರಿಗೆ ಇಳಿಸಿ ಮತ್ತೆ ತೂಗಿದರು. ಮನಸ್ಸಿನಲ್ಲೇ ಭಾಗಿಸಿದರು. ಮೂರು ಬಂತು.

ಎರಡೂವರೆಯಲ್ಲ, ಮೂರೂವರೆಯೂ ಅಲ್ಲ. ಮೂರು. ಹಾಗೆ ತೂಗುವ ಕಲ್ಲು ಈ ಹೊಲಗಳಲ್ಲಿ ಅವರು ಕಂಡಿರಲಿಲ್ಲ. ಇಂಥ ಅಳತೆ ಬಂದಾಗ ಏನು ಮಾಡಬೇಕೆಂದು ಪ್ರತಿ ತಂಡದ ಹುಡುಗರಿಗೂ ಹೇಳಿಕೊಟ್ಟವರು ಅವರು. ನಿಮಗೆ ಬೇಡವಾದ ಅಳತೆ ಬಂದರೆ ಅದನ್ನು ಬಿಸಾಡಬೇಡಿ, ಮತ್ತೊಮ್ಮೆ ಅಳೆಯಿರಿ, ಮತ್ತೂ ಒಮ್ಮೆ ಅಳೆಯಿರಿ. ಬೆಳಕು ಇಳಿಯುತ್ತಿತ್ತು. ಲೋಟದ ಒಳಗೆ ಸರಿಯಾಗಿ ಕಾಣುತ್ತಿರಲಿಲ್ಲ. ಲೈಟು ಹಾಕಲು ಸ್ವಿಚ್ಚು ಕೈಗೆ ಎಟುಕುವಷ್ಟು ಹತ್ತಿರವೇ ಇತ್ತು. ಹಬ್ಬಕ್ಕೆ ಬರುತ್ತೀನಲ್ಲ ಎಂಬ ಮಾತು ಇನ್ನೂ ಕಿವಿಯಲ್ಲಿತ್ತು.

"ಗಾಜುಗಲ್ಲು, ಯರ್ರೆಪ್ಪ" ಎಂದರು.

"ಅಷ್ಟೇನಾ?"

"ಅಷ್ಟೇ."

ಯರ್ರೆಪ್ಪ ಕಲ್ಲನ್ನು ತೆಗೆದುಕೊಂಡು ಮತ್ತೆ ಚುಂಗಿಗೆ ಕಟ್ಟಿದ. ನಗಲು ನೋಡಿದ. "ಮೊಣಕಾಲಿಗೆ ಹೇಳಿಬಿಡ್ತೀನಿ, ನಿನ್ನ ಹಣೇಬರ ಇಷ್ಟೇ ಅಂತ" ಎಂದ. ಸಂದೇಹವಿದ್ದರೆ ಪೆನ್ನಿಗೂ ಒಮ್ಮೆ ಹಿಡಿಸು ಎಂದು ಹೇಳಲು ಗುರುಪಾದಯ್ಯ ಬಾಯಿ ತೆರೆದರು. ಆದರೆ ಅವನು ಆಗಲೇ, "ನೀವು ಹೇಳಿದ ಮ್ಯಾಲ ಮುಗೀತು ಬಿಡ್ರಿ" ಎಂದು ಮೆಟ್ಟಿಲು ಇಳಿಯುತ್ತಿದ್ದ.

ಮರುದಿನ ಯರ್ರೆಪ್ಪ ಬರಲಿಲ್ಲ. ಅದರ ಮರುದಿನ ಬಂದ. ಮೊದಲಿನ ಹಾಗೆಯೇ ಕೂತ. ನೀರೊಳಗೆ ಹೋಗುವ ಹಡಗಿನಲ್ಲಿ ಉಸಿರಾಟಕ್ಕೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದ. ಗುರುಪಾದಯ್ಯ ಬೇಕಾದದ್ದಕ್ಕಿಂತ ಹೆಚ್ಚಾಗಿಯೇ ಹೇಳಿದರು. ಹೀಗೆ ಒಂದಷ್ಟು ಸಂಜೆಗಳು ಸಿಕ್ಕವು.

ಮೃಗಶಿರಾ ಮಳೆಗೆ ಎಲ್ಲರೂ ಹತ್ತಿ ಬಿತ್ತಿದರು. ಬಿತ್ತಿದ ಮೇಲೆ ಹೊಲಗಳಲ್ಲಿ ಕುರಿಗೆ ಜಾಗವಿಲ್ಲ. ಕಾಲುವೆಗೆ ನೀರು ಬಿಡುವುದರೊಳಗೆ ಗೋನೆಗಂಡ್ಲ ಕಡೆಯ ಗದ್ದೆಯವರು ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಪ್ರತಿ ವರ್ಷ ಸುಂಕೇಶ ಅಪ್ಪನನ್ನು ಮನೆಯಲ್ಲೇ ಬಿಟ್ಟು ಕೂಲಿಯ ಜೊತೆ ಹೋಗುತ್ತಿದ್ದ. ಈ ವರ್ಷ ಕೂಲಿಯವನು ಸಿಗಲಿಲ್ಲ, ಯರ್ರೆಪ್ಪನೇ ಹೊರಟ. ಹೋಗುವ ದಿನ ಬಂದು ಹಳೆಯ ಕಂಬಳಿಯನ್ನು ಕಟ್ಟೆಯ ಮೇಲೆ ಹಾಸಿದ.

"ಇದು ಇರ್ಲಿ. ಹೊಸಾದು ನೇಯಿಸೀನಿ. ಮಳಿಗಾಲ್ದಾಗ ಈ ಕಟ್ಟಿ ತಣ್ಣಗಿರ್ತತಿ, ನಿಮಗ ವಾತ ಆದೀತು" ಎಂದ.

ಆಮೇಲಿನ ಸಂಜೆಗಳಿಗೆ ಉದ್ದ ಹೆಚ್ಚು. ಗುರುಪಾದಯ್ಯ ಒಬ್ಬರೇ ಆ ಕಂಬಳಿಯ ಮೇಲೆ ಕೂತು ಹೊಲ ನೋಡುತ್ತಿದ್ದರು. ಹುಡುಕುವವರೂ ಈಗ ಇಲ್ಲ, ಹತ್ತಿ ಎರಡೆಲೆ ಒಡೆದಿತ್ತು. ಮಾತಾಡಲು ಏನಾದರೂ ನೆನಪಾದರೆ ಅದನ್ನು ನಾಳೆಗೆ ಎಂದು ಎತ್ತಿಡುವುದು ರೂಢಿಯಾಗಿತ್ತು, ಎತ್ತಿಟ್ಟದ್ದು ಹಾಗೇ ಉಳಿಯಿತು. ಒಂದು ದಿನ ಹಾಲು ಹಾಕುವ ಹೆಂಗಸಿಗೆ, ಪಾತ್ರೆಯಲ್ಲಿ ಹಾಲು ಯಾಕೆ ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ ಎಂದು ಹೇಳತೊಡಗಿದರು. ಆಕೆ ಕ್ಯಾನು ಕಂಕುಳಲ್ಲಿಟ್ಟುಕೊಂಡು ಸ್ವಲ್ಪ ಕೇಳಿ, "ನಂದು ಉಕ್ಕೇ ಉಕ್ಕತೈತಿ ಸಾರು, ನೀರು ಹಾಕಂಗಿಲ್ಲ ನಾನು" ಎಂದು ಮುಖ ಗಂಟಿಕ್ಕಿಕೊಂಡು ಹೋದಳು.

ಮಧ್ಯಾಹ್ನವೊಂದರಲ್ಲಿ ಜಿಟಿಜಿಟಿ ಹನಿ ಶುರುವಾಯಿತು. ಒಳಗೆ ಮಲಗಿದ್ದವರು ಎದ್ದು ಕಂಬಳಿ ತೆಗೆಯಲು ಬಂದರು. ಹನಿಗಳು ಕಂಬಳಿಯೊಳಗೆ ಇಳಿದಿರಲಿಲ್ಲ. ಉಣ್ಣೆಯ ಮೇಲೆ ಮಣಿ ಮಣಿಯಾಗಿ ನಿಂತಿದ್ದವು. ಕುರಿಯ ಮೈಯ ಜಿಡ್ಡು ಉಣ್ಣೆಯಲ್ಲಿ ಉಳಿದಿರುತ್ತದೆ, ಅದಕ್ಕೇ ಕುರುಬರು ಮಳೆಯಲ್ಲೂ ಕಂಬಳಿ ಹೊದ್ದು ಒಣಗಿರುತ್ತಾರೆ. ಇದು ಅವರಿಗೆ ಗೊತ್ತಿದ್ದದ್ದೇ. ಕೈಯಲ್ಲಿ ಕಂಬಳಿ ಹಿಡಿದು ಹಾಗೇ ನಿಂತರು. ಆಮೇಲೆ ಅದರ ಚುಂಗನ್ನು ಬೆರಳುಗಳ ನಡುವೆ ತಿಕ್ಕಿದರು. ಬೆರಳು ಜಾರಿತು.

ಒಂದು ವಾರ ಆ ಕಲ್ಲು ಈ ಚುಂಗಿನಲ್ಲಿತ್ತು. ಅದನ್ನು ಅವರು ತೊಳೆದಿರಲಿಲ್ಲ.

ಒಳಗೆ ಹೋಗಿ ಕಿಟಕಿಯಲ್ಲಿ ಬಿದ್ದಿದ್ದ ಕಲ್ಲುಗಳಲ್ಲಿ ಗುಳಿ ಇದ್ದದ್ದೊಂದನ್ನು ಆರಿಸಿದರು. ತೊಳೆದು ತೂಗಿದರು, ಎರಡೂವರೆ. ಅದನ್ನೇ ಒರೆಸಿ, ಚುಂಗಿನಲ್ಲಿಟ್ಟು ಚೆನ್ನಾಗಿ ತಿಕ್ಕಿ ಮತ್ತೆ ನೀರಿಗೆ ಇಳಿಸಿದರು. ಈ ಸಲ ಲೈಟು ಹಾಕಿ ಕಣ್ಣನ್ನು ಲೋಟದ ಹತ್ತಿರಕ್ಕೆ ತಂದರು. ಗುಳಿಯಲ್ಲಿ ಬೆಳ್ಳಿಯ ಹಾಗೆ ಒಂದು ಗಾಳಿಗುಳ್ಳೆ ಕೂತಿತ್ತು. ಜಿಡ್ಡಿಗೆ ನೀರು ಅಂಟದು, ನೀರು ಬಿಟ್ಟ ಜಾಗದಲ್ಲಿ ಗಾಳಿ ಉಳಿದು ಕಲ್ಲನ್ನು ಮೇಲಕ್ಕೆ ಎತ್ತುತ್ತಿತ್ತು. ಭಾಗಿಸಿದಾಗ ಎರಡೇ ಬಂತು. ಬೇವಿನ ಕಡ್ಡಿಯಿಂದ ಗುಳ್ಳೆಯನ್ನು ತಟ್ಟಿದರು. ಅದು ಮೇಲೆ ಬಂದು ಒಡೆಯಿತು. ಲೆಕ್ಕ ಮತ್ತೆ ಎರಡೂವರೆಗೆ ಬಂದು ನಿಂತಿತು.

ನೌಕಾಪಡೆಯ ಹುಡುಗರು ಅವರಿಗೆ ಇಟ್ಟಿದ್ದ ಅಡ್ಡ ಹೆಸರು ಬುಲ್‌ಬುಲಾ ಸಾಬ್. ಗುಳ್ಳೆ ಸಾಹೇಬ. ನೀರಲ್ಲಿ ಏನೇ ತೂಗಿದರೂ ಮೊದಲು ಗುಳ್ಳೆ ಓಡಿಸಿ ಎಂದು ಬೆಂಚಿನಿಂದ ಬೆಂಚಿಗೆ ಹೋಗಿ ಹೇಳುತ್ತಿದ್ದರು. ಬೆನ್ನ ಹಿಂದೆ ಹುಡುಗರು ಬಾಯಲ್ಲಿ ಗುಳುಗುಳು ಸದ್ದು ಮಾಡುತ್ತಿದ್ದರು.

ಗುಳ್ಳೆಯಿಂದ ಗಾಜುಗಲ್ಲು ಎರಡಕ್ಕೆ ಇಳಿದರೆ, ಮೂರಕ್ಕೆ ಇಳಿದದ್ದು ಯಾವ ಕಲ್ಲು? ವಜ್ರವೇ ಎಂದು ಹೇಳಲಾಗದು. ಬೇರೆ ಭಾರದ ಕಲ್ಲುಗಳೂ ಇವೆ. ಆದರೆ ಗಾಜುಗಲ್ಲು ಎಂದು ಹೇಳಲು ಮಾತ್ರ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಸಾಯಿಕುಮಾರನ ಪೆನ್ನು ನೆನಪಾಯಿತು. ಅದಕ್ಕೆ ಯಾಕೆ ಎಂಬುದು ಗೊತ್ತಿಲ್ಲ, ನಿಜ. ಆದರೆ ಸಂಜೆ ಯಾರಾದರೂ ಬಂದಾರೇನೋ ಎಂದು ಅದು ದಾರಿಯ ಕಡೆ ನೋಡುವುದಿಲ್ಲ.

ಫೋನು ಮಾಡಿದರು. ಯರ್ರೆಪ್ಪ ಎತ್ತಿದ, ಹಿಂದೆ ಕುರಿಗಳ ಸದ್ದು. "ಏನ್ರಿ ಸಾರು, ಊಟ ಆತಾ?" ಎಂದ.

"ಆತು. ಮೊಣಕಾಲು ಹೆಂಗೈತಿ?"

"ಐತಿ. ಮೊದ್ಲು ಎರಡಿದ್ವು, ಈಗ ಒಂದೇ ಐತಿ ಅನ್ರಿ. ಇನ್ನೊಂದು ಮಡಚಂಗೇ ಇಲ್ಲ."

ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. "ನಾಳೆ ಆ ಕಡೆ ಬರ್ತೀನಿ" ಎಂದು, ಎಲ್ಲಿ ಇಳಿಯಬೇಕೆಂದು ಕೇಳಿಕೊಂಡು ಇಟ್ಟರು.

ಬೆಳಿಗ್ಗೆ ಕಂಬಳಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಟರು. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲಲಿಲ್ಲ. ಚಿಪ್ಪಗಿರಿ ತನಕ ಶೇರ್ ಆಟೋ, ಅಲ್ಲಿಂದ ಬಸ್ಸು. ಆದೋನಿಯಲ್ಲಿ ಬಸ್ಸು ಬದಲಿಸುವಾಗ ಹಾಲೇಶನ ಅಂಗಡಿಗೆ ಹೋಗಿ ಬರುವಷ್ಟು ಹೊತ್ತಿತ್ತು. ಹೋಗಲಿಲ್ಲ. ಸೀಜನ್ ಮುಗಿದು ಜಿನ್ನಿಂಗ್ ಮಿಲ್ಲುಗಳ ಗೇಟು ಮುಚ್ಚಿದ್ದವು, ಬೇಲಿಯ ಮುಳ್ಳುಗಳಲ್ಲಿ ಸಿಕ್ಕಿಕೊಂಡ ಹಳೆಯ ಹತ್ತಿ ಮಳೆಗೆ ನೆಂದು ಜೋಲುತ್ತಿತ್ತು. ಎಮ್ಮಿಗನೂರು ದಾಟಿ, ಗೋನೆಗಂಡ್ಲದಲ್ಲಿ ಇಳಿದು, ಮತ್ತೊಂದು ಆಟೋದಲ್ಲಿ ಯರ್ರೆಪ್ಪ ಹೇಳಿದ್ದ ಕಾಲುವೆಯ ಸೇತುವೆಗೆ ಬರುವಾಗ ಬಿಸಿಲು ಇಳಿದಿತ್ತು.

ಒಣಗಿದ ಕಾಲುವೆಯ ಪಕ್ಕದ ಗದ್ದೆಯಲ್ಲಿ ಮಂದೆ ನಿಂತಿತ್ತು. ಸುಂಕೇಶ ಸುತ್ತ ಬಲೆ ಕಟ್ಟುತ್ತಿದ್ದ. ಯರ್ರೆಪ್ಪ ಬದುವಿನ ಮೇಲೆ ಒಂದು ಕಾಲು ನೀಡಿಕೊಂಡು ಕೂತಿದ್ದವನು ಏಳಲು ಹೋದ. ಗುರುಪಾದಯ್ಯ ಬೇಡವೆಂದು ಕೈ ಮಾಡಿ ಪಕ್ಕದಲ್ಲಿ ಕೂತರು.

"ಕಂಬಳಿ ಕೊಡಾಕ ಬಂದ್ರೇನು ಇಷ್ಟು ದೂರ?" ಚೀಲ ನೋಡಿ ಯರ್ರೆಪ್ಪ ನಕ್ಕ. "ಹೇನು ಅದಾವಂತ ಅಂಜಿಕಿ ಬಂತೇನು? ಸುಂಕ್ಯಾ, ಸಾರಿಗೆ ಚಾ ಕಾಸೋ."

ಚಹಾ ಬಂತು. ಗುರುಪಾದಯ್ಯ ಕುಡಿದು ಮುಗಿಸಿದರು.

"ಯರ್ರೆಪ್ಪ, ನಾನು ತೂಗಿದ ಆ ಕಲ್ಲು ಎಲ್ಲೈತಿ?"

"ಅದಾ? ಹೊಲಕ್ಕ ಕೊಟ್ಟೆ. ಗಾಜು ಅಂತ ಹೆಸರು ಹಿಡಿದ ಮ್ಯಾಲ ಇಟ್ಕೋಬಾರ್ದಲ್ರಿ. ಹೊಲದ್ದು ಹೊಲಕ್ಕ. ಕೊಟ್ರೇಶಪ್ಪನ ಬದುವಿನ ಮ್ಯಾಲ ನಿಂತು, ಬೆನ್ನು ತಿರುಗಿಸಿ, ಹೆಗಲ ಮ್ಯಾಲಿಂದ ಹಿಂದಕ ಒಗದೆ."

"ಎಲ್ಲಿ ಬಿತ್ತು ನೋಡಿದಿಯಾ?"

"ನೋಡಬಾರ್ದು. ನೋಡಿದ್ರ ಆಸಿ ಹಿಂದ ಬರ್ತತಿ."

ಆ ಹೊಲದಲ್ಲಿ ಈಗ ಹತ್ತಿ ಇದೆ. ಒಗೆದ ಮೇಲೆ ಟ್ರ್ಯಾಕ್ಟರು ಎರಡು ಸಲ ತಿರುಗಿದೆ. ಗುರುಪಾದಯ್ಯ ಕೈಯಲ್ಲಿದ್ದ ಖಾಲಿ ಲೋಟವನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದರು. ಮೂರು ಎಂದು ಬಂದ ತೂಕ, ಉಣ್ಣೆಯ ಜಿಡ್ಡು, ಗುಳಿಯಲ್ಲಿ ಕೂತ ಗಾಳಿ. ಪಾಠ ಹೇಳುವವರ ಹಾಗೆಯೇ ಹೇಳಿದರು. ಬೇರೆ ರೀತಿ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಯರ್ರೆಪ್ಪ ಕಟ್ಟೆಯ ಮೇಲೆ ಕೇಳುತ್ತಿದ್ದ ಹಾಗೆಯೇ ಕೇಳಿದ.

"ಅಂದ್ರ ಗುಳ್ಳಿ ಹಡಗಿನಂಗ ಕಲ್ಲನ್ನ ಎತ್ತಿ ಹಿಡೀತು ಅನ್ರಿ" ಎಂದ.

"ಹೂಂ."

ಇಷ್ಟು ಚೆನ್ನಾಗಿ ಯಾವ ಹುಡುಗನೂ ಒಂದೇ ಸಲಕ್ಕೆ ಹಿಡಿದಿರಲಿಲ್ಲ. ಗುರುಪಾದಯ್ಯನವರಿಗೆ ಅವನ ಮುಖ ನೋಡಲಾಗಲಿಲ್ಲ.

"ಹಂಗಾರ ಅದು ವಜ್ರಾನಾ?"

"ಗೊತ್ತಿಲ್ಲ. ಇರಬಹುದು. ಅಲ್ಲದೇನೂ ಇರಬಹುದು. ಗಾಜುಗಲ್ಲಂತೂ ಅಲ್ಲ ಅಂತ ಕಾಣ್ತೈತಿ."

ಬಲೆಯ ಗೂಟ ಹೊಡೆಯುತ್ತಿದ್ದ ಸುಂಕೇಶನ ಕೈ ನಿಂತಿತ್ತು. "ಏಮಿ ಸಾರ್ ಇದಿ, ಏನ್ರಿ ಇದು?" ಎಂದ. "ಅಂಗಡ್ಯಾಗ ಪೆನ್ನಿಟ್ರ ಒಂದು ನಿಮಿಷ ಆಗತಿತ್ತು. ನೇವಿ ಸಾರು ಹೇಳ್ಯಾರ, ನೇವಿ ಸಾರು ಹೇಳ್ಯಾರ ಅಂತ ಅಪ್ಪ ನನ್ನ ಬಾಯಿ ಮುಚ್ಚಿಸಿದ. ಈ ಕಾಲಿಟ್ಕೊಂಡು ಅಲ್ಲಿಂದ ಇಲ್ಲೀತನ ಹೆಂಗ ನಡದಾನ ಕೇಳ್ರಿ ಅವನನ್ನ."

"ನೀ ಗೂಟ ಹೊಡಿಯೋ" ಎಂದ ಯರ್ರೆಪ್ಪ. ಅವನು ಹೊಡೆಯಲಿಲ್ಲ. ಸುತ್ತಿಗೆಯನ್ನು ಅಲ್ಲೇ ಬಿಟ್ಟು ಮಂದೆಯ ಆಚೆ ತುದಿಗೆ ಹೋಗಿ ಬೆನ್ನು ಹಾಕಿ ನಿಂತ.

ಯರ್ರೆಪ್ಪ ತನ್ನ ಮೊಣಕಾಲನ್ನು ಒತ್ತಿಕೊಂಡ. "ಗುಳ್ಳಿ ನಿಮಗ ಕಾಣ್ಲಿಲ್ಲೇನ್ರಿ?" ಎಂದು ಕೇಳಿದ.

"ನಾನು ನೋಡಲಿಲ್ಲ."

"ಯಾಕ? ಪ್ರತಿ ಕಲ್ಲನ್ನೂ ನೀರಾಗ ಎರಡೆರಡು ಸಲ ತೂಗತಿದ್ರಿ. ಮಂದಿ ಬ್ಯಾಸರ ಮಾಡ್ಕೊಂತಿದ್ರು."

ಬರುವ ದಾರಿಯುದ್ದಕ್ಕೂ ಗುರುಪಾದಯ್ಯ ಈ ಪ್ರಶ್ನೆಗೆ ಎರಡು ಮೂರು ಉತ್ತರ ಕಟ್ಟಿಕೊಂಡಿದ್ದರು. ಬೆಳಕು ಇರಲಿಲ್ಲ ಎನ್ನಬಹುದಿತ್ತು. ತೊಳೆಯಲು ನೀನೇ ಬಿಡಲಿಲ್ಲ ಎನ್ನಬಹುದಿತ್ತು. ಎರಡೂ ಸುಳ್ಳಲ್ಲ.

"ಮತ್ತೊಂದು ಸಲ ತೂಗಿದ್ರ ಮೂರೂವರೆ ಬಂದೀತು ಅಂತ ಅಂಜಿಕಿ ಆತು. ನೀನು ಆದೋನಿಗೆ ಹೋಗ್ತೀನಿ ಅಂದಿ. ಹಬ್ಬಕ್ಕ ಬರ್ತೀನಿ ಅಂದಿ."

ಯರ್ರೆಪ್ಪ ಅವರ ಕಡೆ ತಿರುಗಿ ನೋಡಿದ. ಕೋಪವಿದ್ದರೂ ಅದು ಮುಖದ ಮೇಲೆ ಬರಲಿಲ್ಲ. ಏನೋ ಹೊಸದನ್ನು ಕೇಳಿದವನ ಹಾಗೆ ನೋಡಿದ.

"ಇರು ಅಂತ ಕೇಳಿದ್ರ ಇರತಿದ್ದೆನೇನೋ" ಎಂದ. "ಕಾಲು ಮಾಡಿಸ್ಕೊಂಡು ವಾಪಸು ಬರತಿದ್ದೆ. ಮಗಳ ಮನ್ಯಾಗ ಎಷ್ಟು ದಿನಾಂತ ಇರಾದು. ನೀವು ಕೇಳಲಿಲ್ಲ, ತೂಗಿಬಿಟ್ರಿ."

ಗುರುಪಾದಯ್ಯ ನೆಲ ನೋಡಿಕೊಂಡೇ ಹೇಳಿದರು. ಎರಡೂ ಮೊಣಕಾಲಿನ ಆಪರೇಷನ್ ನಾನು ಮಾಡಿಸುತ್ತೇನೆ, ಪೆನ್ಷನ್ ಇದೆ, ಹೇಮಾವತಿಯದೂ ಬ್ಯಾಂಕಿನಲ್ಲಿದೆ, ಅದಕ್ಕೆ ಬೇರೆ ಯಾರೂ ಇಲ್ಲ ಎಂದರು. ಆದೋನಿಯಲ್ಲಿ ಹಾಲೇಶನಿಗೆ ಡಾಕ್ಟರ ಪರಿಚಯವಿದೆ, ನಾಳೆಯೇ ಹೋಗೋಣ ಎಂದರು.

"ಯಾತಕ್ಕ ಕೊಡ್ತೀರಿ?"

"ನಾನು ಕೊಡಬೇಕು, ಯರ್ರೆಪ್ಪ. ಅದು ನಿನ್ನ ಸಾಲ ನನ್ನ ಮ್ಯಾಲೆ."

"ಎಷ್ಟು?"

ಗುರುಪಾದಯ್ಯ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು.

"ಅದು ವಜ್ರ ಆಗಿದ್ರ, ನಿಮ್ಮ ಪೆನ್ಷನ್ನು ಸಾಲಂಗಿಲ್ಲ. ಗಾಜು ಆಗಿದ್ರ, ನೀವು ಕೊಡೋದು ಏನೂ ಇಲ್ಲ. ಎರಡರಾಗ ಯಾವುದು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎಷ್ಟು ಅಂತ ಗೊತ್ತಿಲ್ಲದ ಸಾಲ ನಾ ಹೆಂಗ ತಗೊಳ್ಳಿ?" ಯರ್ರೆಪ್ಪ ನಿಧಾನವಾಗಿ, ತನಗೆ ತಾನೇ ಬಿಡಿಸಿ ಹೇಳಿಕೊಳ್ಳುವ ಹಾಗೆ ಹೇಳಿದ. "ಕಮ್ಮಿ ತಗೊಂಡ್ರ ಜಂಬಿ ಬೈತಾಳ. ಹೆಚ್ಚು ತಗೊಂಡ್ರ ಪಾಪ ಹತ್ತತೈತಿ. ಬ್ಯಾಡ ಬಿಡ್ರಿ."

"ಹಂಗಾದ್ರ ಸಾಲ ಅಂತ ಬ್ಯಾಡ. ಸುಮ್ನೆ ತಗೋ."

"ಅದೂ ಬ್ಯಾಡ್ರಿ. ಕೇಳದೇ ತೂಗಿದ್ರಿ, ಕೇಳದೇ ಕೊಡಾಕ ಬಂದೀರಿ."

ಮಂದೆಯಲ್ಲಿ ಒಂದು ಮರಿ ತಾಯಿಯನ್ನು ತಪ್ಪಿಸಿಕೊಂಡು ಕೂಗತೊಡಗಿತು. ಯರ್ರೆಪ್ಪ ಕೋಲೂರಿ ಎದ್ದ. ಗುರುಪಾದಯ್ಯ ರಟ್ಟೆ ಹಿಡಿಯಲು ಕೈ ಚಾಚಿದರು. ಅವನು ಅಷ್ಟರಲ್ಲಿ ಎದ್ದು ನಿಂತಾಗಿತ್ತು. ಕುಂಟುತ್ತ ಹೋಗಿ, ಮರಿಯನ್ನು ಎತ್ತಿ, ಮೂಸಿ ನೋಡಿ, ಅದರ ತಾಯಿಯ ಮುಂದೆ ಬಿಟ್ಟು ಬಂದ.

"ಕತ್ತಲಾದ್ರ ಆಟೋ ಸಿಗಂಗಿಲ್ರಿ ನಿಮಗ" ಎಂದ.

"ಊರಿಗೆ ಯಾವಾಗ ಬರ್ತಿ?"

"ಕಾಲುವಿಗೆ ನೀರು ಬಿಟ್ಟ ಮ್ಯಾಲ ಸಿ. ಬೆಳಗಲ್ ಕಡಿ ಹೋಗ್ತೀವಿ. ಆಮ್ಯಾಲ ನೋಡಬೇಕು. ಸುಂಕ್ಯಾ ಹೆಂಗಂದ್ರ ಹಂಗ."

ಸೇತುವೆಯ ತನಕ ಅವನು ಬರಲಿಲ್ಲ. ಮೊಣಕಾಲಿನಿಂದಲೋ ಬೇರೆಯದರಿಂದಲೋ, ಗುರುಪಾದಯ್ಯನವರಿಗೆ ತಿಳಿಯಲಿಲ್ಲ. ಕಂಬಳಿಯನ್ನು ಬದುವಿನ ಮೇಲಿಟ್ಟು ಖಾಲಿ ಚೀಲ ಮಡಚಿಕೊಂಡು ಒಬ್ಬರೇ ನಡೆದರು. ಆಟೋ ಬಂತು, ಸಂತೆ ಮುಗಿಸಿದ ಹೆಂಗಸರು ತುಂಬಿದ್ದರು. ಮೆಣಸಿನಕಾಯಿ ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡು ಒಬ್ಬಳು ಅವರಿಗೆ ಅರ್ಧ ಸೀಟು ಬಿಟ್ಟಳು. ಅವರ ಇಸ್ತ್ರಿ ಮಾಡಿದ ಅಂಗಿಯನ್ನೂ ಕೆಸರಾದ ಚಪ್ಪಲಿಯನ್ನೂ ನೋಡಿದಳು.

"ಎಲ್ಲಿಗೆ ಬಂದಿದ್ರಿ ಸಾರು? ಕುರಿ ಹಿಂಡಿನ ಕಡಿಂದ ಬಂದ್ರಿ. ಕುರಿ ಕೊಳ್ಳಾಕೇನು?"

"ಇಲ್ಲಮ್ಮ. ಒಂದು ಸಾಲ ಇತ್ತು."

"ಅವರು ಕೊಡಾದಿತ್ತೇನು?"

"ನಾನು ಕೊಡೋದು."

"ಕೊಟ್ರಾ?"

"ತಗೊಳ್ಳಲಿಲ್ಲ."

"ಅಬ್ಬ, ಎಂಥಾ ಮಂದಿ ಸಿಕ್ಯಾರ ನಿಮಗ" ಎಂದಳು ಆಕೆ, ಬುಟ್ಟಿಯನ್ನು ಇನ್ನಷ್ಟು ತನ್ನ ಕಡೆಗೆ ಎಳೆದುಕೊಳ್ಳುತ್ತ. "ಒಳ್ಳೇದಾತಲ್ಲ. ಸರಿಯಾಗಿ ಕುಂದರ್ರಿ, ಮುಂದ ಗುಂಡಿ ಅದಾವ."